ಗಣಿತದ ಆಪ್ ಆರಿಸುವ ಮುನ್ನ: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಗಣಿತ ಕಲಿಸುತ್ತೇವೆ ಎನ್ನುವ ಆಪ್‌ಗಳಿಗೆ ಈಗ ಬರವಿಲ್ಲ. ಎಲ್ಲವನ್ನೂ ಪೂರ್ತಿ ಬಳಸಿ ನೋಡಿ ತೀರ್ಮಾನ ಮಾಡುವಷ್ಟು ಪುರುಸೊತ್ತು ಯಾವ ಶಿಕ್ಷಕರಿಗೂ ಇಲ್ಲ. ಸಹೋದ್ಯೋಗಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲ ಓದಲು ಸಮಯ ಇಲ್ಲದಿದ್ದರೆ ಮೊದಲ ಮೂರನ್ನಾದರೂ ಓದಿ.

ಒಂದು ಹೊಸ ಆಪ್ ಸಿಕ್ಕಿದೆ. ಮೊದಲು ಏನು ಮಾಡಬೇಕು?

ಬೇಕಂತಲೇ ತಪ್ಪು ಉತ್ತರ ಕೊಡಿ.

ನಾವು ಶಿಕ್ಷಕರು ಆಪ್ ತೆರೆದ ಕೂಡಲೇ ಸರಿ ಉತ್ತರಗಳನ್ನೇ ಒತ್ತುತ್ತಾ ಹೋಗುತ್ತೇವೆ. ಹಾಗೆ ನೋಡಿದರೆ ಯಾವ ಆಪ್ ಆದರೂ ಚೆನ್ನಾಗಿಯೇ ಕಾಣುತ್ತದೆ. ಚಪ್ಪಾಳೆ ಬರುತ್ತದೆ, ನಕ್ಷತ್ರ ಬೀಳುತ್ತದೆ, ಮುಂದಿನ ಹಂತ ತೆರೆಯುತ್ತದೆ. ಆದರೆ ಮಗುವಿಗೆ ಸಹಾಯ ಬೇಕಾಗುವುದು ಎಡವಿದಾಗ. ಆ ಗಳಿಗೆಯಲ್ಲಿ ಆಪ್ ಏನು ಮಾಡುತ್ತದೆ ಎಂಬುದೇ ಅದರ ನಿಜವಾದ ಗುಣ.

ಉದಾಹರಣೆಗೆ 52 − 38 ಎಂಬ ಲೆಕ್ಕ ಬಂದಾಗ 26 ಎಂದು ಒತ್ತಿ ನೋಡಿ. ಕಳೆಯುವ ಲೆಕ್ಕ ಕಲಿಸಿದವರಿಗೆಲ್ಲ ಈ 26 ಗೊತ್ತು. ಎರಡರಲ್ಲಿ ಎಂಟು ಹೋಗುವುದಿಲ್ಲ, ಅದಕ್ಕೆ ಮಗು ಎಂಟರಲ್ಲಿ ಎರಡು ಕಳೆದು ಆರು ಬರೆದಿದೆ. ಆಮೇಲೆ ಐದರಲ್ಲಿ ಮೂರು ಕಳೆದು ಎರಡು. ಇದು ಸುಮ್ನೆ ಬಂದ ತಪ್ಪಲ್ಲ, ಇದರ ಹಿಂದೆ ಒಂದು ಯೋಚನೆ ಇದೆ.

ಕೆಲವು ಆಪ್‌ಗಳು ಕೆಂಪು ಬಣ್ಣ ತೋರಿಸಿ ‘ಮತ್ತೆ ಪ್ರಯತ್ನಿಸು’ ಎನ್ನುತ್ತವೆ. ಮಗು 27 ಒತ್ತುತ್ತದೆ, 24 ಒತ್ತುತ್ತದೆ, ಯಾವುದೋ ಒಂದು ಹೊತ್ತಿಗೆ 14 ಸಿಗುತ್ತದೆ. ಇನ್ನು ಕೆಲವು ‘ಸರಿ ಉತ್ತರ 14’ ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹಾರುತ್ತವೆ. ಮತ್ತೆ ಕೆಲವು ದಶಕ ಸಹಿತ ಕಳೆಯುವ ವಿಧಾನದ ಒಂದು ವಿಡಿಯೋ ಹಾಕುತ್ತವೆ. ಯಾವ ತಪ್ಪು ಮಾಡಿದರೂ ಅದೇ ವಿಡಿಯೋ. ಒಳ್ಳೆಯ ಆಪ್ ಆದರೆ ಐದು ಹತ್ತುಗಳನ್ನೂ ಎರಡು ಬಿಡಿಗಳನ್ನೂ ಪರದೆಯ ಮೇಲೆ ಇಟ್ಟು, ‘ಇದರಿಂದ 38 ತೆಗೆ ನೋಡೋಣ’ ಎನ್ನುತ್ತದೆ. ಎಂಟು ಬಿಡಿ ತೆಗೆಯಲು ಹೋದಾಗ ಎರಡೇ ಇವೆ. ಒಂದು ಹತ್ತನ್ನು ಒಡೆಯದೆ ದಾರಿಯಿಲ್ಲ ಎಂಬುದು ಮಗುವಿಗೇ ಕಾಣುತ್ತದೆ. ಆಮೇಲೆ 61 − 27ರಂಥ ಅದೇ ಜಾತಿಯ ಇನ್ನೊಂದು ಲೆಕ್ಕ ಬರುತ್ತದೆ.

ಈಗ ಅದೇ ಲೆಕ್ಕಕ್ಕೆ 90 ಎಂದು ಒತ್ತಿ. ಇದು ಕಳೆಯುವ ಬದಲು ಕೂಡಿದ ಮಗುವಿನ ಉತ್ತರ. ಈ ಮಗುವಿಗೆ ಸ್ಥಾನಬೆಲೆಯ ಪಾಠ ಬೇಡ, ‘ಚಿಹ್ನೆ ಇನ್ನೊಮ್ಮೆ ನೋಡು’ ಎಂದರೆ ಸಾಕು. 26ಕ್ಕೂ 90ಕ್ಕೂ ಆಪ್ ಒಂದೇ ಮಾತು ಹೇಳಿದರೆ, ಅದು ಮಗುವಿನ ಉತ್ತರವನ್ನು ಓದುತ್ತಿಲ್ಲ, ಬರೀ ತಾಳೆ ನೋಡುತ್ತಿದೆ ಎಂದರ್ಥ.

ಯಾವ ಯಾವ ತಪ್ಪುಗಳನ್ನು ಕೊಟ್ಟು ನೋಡಬೇಕು?

ನಿಮ್ಮ ಮಕ್ಕಳ ನೋಟ್‌ಬುಕ್‌ನಲ್ಲಿ ಇರುವ ತಪ್ಪುಗಳನ್ನೇ ಕೊಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ಮಕ್ಕಳ ತಪ್ಪುಗಳಲ್ಲಿ ಒಂದು ಕ್ರಮ ಇರುತ್ತದೆ ಎಂಬುದು ಹಳೆಯ ವಿಷಯ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಲ್ಲೇ ಮಕ್ಕಳು ಕಳೆಯುವಾಗ ಮಾಡುವ ತಪ್ಪುಗಳ ಮೇಲೆ ‘ಬಗ್ಗಿ’ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ಮಾಡಿದ್ದರು. ಅದು ಒಂದು ನಿರ್ದಿಷ್ಟ ತಪ್ಪು ವಿಧಾನ ಹಿಡಿದ ಮಗುವಿನಂತೆ ಉತ್ತರ ಕೊಡುತ್ತಿತ್ತು. ಆ ತಪ್ಪು ವಿಧಾನ ಯಾವುದು ಎಂದು ಶಿಕ್ಷಕರು ಪತ್ತೆ ಮಾಡಬೇಕು. ಅಷ್ಟು ಹಿಂದೆಯೇ ಸಾಧ್ಯವಾಗಿದ್ದ ಕೆಲಸವನ್ನು ಇವತ್ತಿನ ಆಪ್‌ನಿಂದ ನಿರೀಕ್ಷಿಸುವುದು ಜಾಸ್ತಿಯೇನಲ್ಲ.

304 − 157ಕ್ಕೆ 247 ಎಂದು ಕೊಡಿ. ಇಲ್ಲಿ ಮಗು ಸೊನ್ನೆಯನ್ನು ಒಂಬತ್ತು ಮಾಡಿದೆ, ಆದರೆ ನೂರರ ಸ್ಥಾನದ ಮೂರನ್ನು ಎರಡು ಮಾಡಲು ಮರೆತಿದೆ. ಸರಿ ಉತ್ತರ 147. ಒಂದೇ ಅಂಕಿ ತಪ್ಪಿದ್ದಕ್ಕೆ ‘ಇನ್ನೇನು ಬಂತು’ ಎಂದು ಹುರಿದುಂಬಿಸಿ ಸುಮ್ಮನಾಗುತ್ತದಾ, ಸೊನ್ನೆಯ ಹತ್ತಿರ ಏನಾಯಿತು ಎಂದು ತೋರಿಸುತ್ತದಾ ನೋಡಿ.

0.45 ಮತ್ತು 0.6ರಲ್ಲಿ ಯಾವುದು ದೊಡ್ಡದು ಎಂದಾಗ 0.45 ಎನ್ನಿ. 45 ಎಂಬುದು 6ಕ್ಕಿಂತ ದೊಡ್ಡದು ಎಂದು ಓದುವ ಮಕ್ಕಳು ಬಹಳ. 1/4 + 1/3ಕ್ಕೆ 2/7 ಎನ್ನಿ, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ ಉತ್ತರ. ಸಂಖ್ಯಾರೇಖೆಯ ಮೇಲೆ ನೋಡಿದರೆ 2/7 ಎಂಬುದು 1/3ಕ್ಕಿಂತಲೂ ಚಿಕ್ಕದು. ಕೂಡಿದ ಮೇಲೆ ಚಿಕ್ಕದಾಗಿದೆ! ಈ ವಿಚಿತ್ರವನ್ನು ಮಗುವಿನ ಕಣ್ಣಿಗೆ ಬೀಳಿಸುವ ಆಪ್ ಸಿಕ್ಕರೆ ಬಿಡಬೇಡಿ.

ನನಗೆ ತುಂಬ ಇಷ್ಟವಾದ ಪರೀಕ್ಷೆ ಇನ್ನೊಂದಿದೆ: 8 + 4 = □ + 5. ಮಕ್ಕಳು ಖಾಲಿ ಚೌಕದಲ್ಲಿ 12 ಎಂದು ಬರೆಯುತ್ತಾರೆ, ಇಲ್ಲವೇ ಎಲ್ಲ ಸೇರಿಸಿ 17 ಎನ್ನುತ್ತಾರೆ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಬರಹದಲ್ಲಿ ಆರನೇ ತರಗತಿಯ 145 ಮಕ್ಕಳಿಗೆ ಇದನ್ನು ಕೊಟ್ಟಿದ್ದರು. ಅಷ್ಟೂ ಮಕ್ಕಳು 12 ಅಥವಾ 17 ಎಂದೇ ಬರೆದಿದ್ದರು. ಸಮ ಚಿಹ್ನೆ ಎಂದರೆ ‘ಉತ್ತರ ಬರೆ’ ಎಂಬ ಆಜ್ಞೆ ಎಂದು ಅವರು ತಿಳಿದಿದ್ದಾರೆ. ಎರಡೂ ಕಡೆ ಒಂದೇ ಬೆಲೆ ಎಂಬುದು ಹೊಳೆದಿಲ್ಲ. ಬಹಳಷ್ಟು ಆಪ್‌ಗಳಲ್ಲಿ ಇಂಥ ಪ್ರಶ್ನೆಯೇ ಇರುವುದಿಲ್ಲ. ಎಲ್ಲ ಲೆಕ್ಕಗಳೂ ಎಡಗಡೆ, ಉತ್ತರ ಮಾತ್ರ ಬಲಗಡೆ. ಆ ಆಪ್ ಬಳಸಿದಷ್ಟೂ ಈ ತಪ್ಪು ಕಲ್ಪನೆ ಗಟ್ಟಿಯಾಗುತ್ತದೆ. ಮುಂದೆ ಸಮೀಕರಣ ಕಲಿಸುವಾಗ ಅದರ ಕಷ್ಟ ನಮಗೇ.

ಮಗು ಎಲ್ಲ ಹಂತ ಮುಗಿಸಿದೆ, ಅಂಕವೂ ಚೆನ್ನಾಗಿದೆ. ಹಾಗಿದ್ದರೆ ಕಲಿತಿದೆ ಅಂತಲೇ ಅಲ್ವಾ?

ಹಾಗೆ ಹೇಳಲು ಆಗುವುದಿಲ್ಲ. ಇದಕ್ಕೆ ಗಣಿತ ಶಿಕ್ಷಣದಲ್ಲಿ ಹೆಸರಾದ ಒಂದು ಉದಾಹರಣೆ ಇದೆ.

1973ರಲ್ಲಿ ಸ್ಟಾನ್ಲಿ ಅರ್ಲ್‌ವಾಂಗರ್ ಎಂಬ ಸಂಶೋಧಕರು ಬೆನ್ನಿ ಎಂಬ ಹನ್ನೆರಡು ವರ್ಷದ ಹುಡುಗನ ಬಗ್ಗೆ ಬರೆದರು. ಅವನ ಶಾಲೆಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಪುಸ್ತಿಕೆಗಳನ್ನು ಓದಿ, ಲೆಕ್ಕ ಮಾಡಿ, ಪರೀಕ್ಷೆ ಬರೆದು ಮುಂದಿನ ಹಂತಕ್ಕೆ ಹೋಗುವ ವ್ಯವಸ್ಥೆ ಇತ್ತು. ಶಿಕ್ಷಕರ ಜೊತೆ ಮಾತು ಕಡಿಮೆ. ಉತ್ತರವನ್ನು ಉತ್ತರಪಟ್ಟಿಯೊಂದಿಗೆ ಹೋಲಿಸಿ ಸರಿ, ತಪ್ಪು ಹಾಕುತ್ತಿದ್ದರು. ಕಾಗದದ ಮೇಲಿತ್ತು ಎನ್ನುವುದು ಬಿಟ್ಟರೆ ಇವತ್ತಿನ ಅಭ್ಯಾಸದ ಆಪ್‌ಗೂ ಅದಕ್ಕೂ ಜಾಸ್ತಿ ವ್ಯತ್ಯಾಸವಿಲ್ಲ.

ಬೆನ್ನಿ ತರಗತಿಯ ಒಳ್ಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ. ಹಂತಗಳನ್ನು ಚೆನ್ನಾಗಿಯೇ ದಾಟುತ್ತಿದ್ದ. ಅವನ ಜೊತೆ ಕೂತು ಮಾತಾಡಿದಾಗ ಗೊತ್ತಾದದ್ದು ಬೇರೆ. 2/10 ಅನ್ನು ದಶಮಾಂಶದಲ್ಲಿ ಬರೆ ಎಂದರೆ 1.2 ಎನ್ನುತ್ತಿದ್ದ. ಎರಡು ಮತ್ತು ಹತ್ತು ಸೇರಿದರೆ ಹನ್ನೆರಡು, ನಡುವೆ ಒಂದು ಚುಕ್ಕಿ. ಅದೇ ರೀತಿ 5/10 ಎಂದರೆ 1.5. 4/11ಕ್ಕೂ 11/4ಕ್ಕೂ ಒಂದೇ ಉತ್ತರ. ತನ್ನದೇ ನಿಯಮ ಮಾಡಿಕೊಂಡು ಅದನ್ನೇ ನಂಬಿ ನಡೆಯುತ್ತಿದ್ದ. ಉತ್ತರ ತಪ್ಪು ಎಂದು ಬಂದರೆ, ಪಟ್ಟಿಯಲ್ಲಿ ಅದನ್ನು ಬೇರೆ ರೂಪದಲ್ಲಿ ಬರೆದಿದ್ದಾರೆ ಅಷ್ಟೇ ಎಂದುಕೊಳ್ಳುತ್ತಿದ್ದ. ಗಣಿತವೆಂದರೆ ಯಾರೋ ಬರೆದಿಟ್ಟ ಉತ್ತರವನ್ನು ಹುಡುಕುವ ಕೆಲಸ ಎಂಬುದು ಅವನಿಗೆ ಬಂದ ತಿಳಿವಳಿಕೆ.

ಆಪ್ ತೋರಿಸುವ ಶೇಕಡಾವಾರು ನೋಡುವಾಗಲೆಲ್ಲ ಬೆನ್ನಿಯ ನೆನಪಿರಲಿ. ವಾರಕ್ಕೊಮ್ಮೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಪ್‌ನಲ್ಲಿ ಸರಿ ಮಾಡಿದ ಒಂದು ಲೆಕ್ಕವನ್ನೇ ಕಾಗದದಲ್ಲಿ ಕೊಟ್ಟು, ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿ. ಎರಡು ನಿಮಿಷದ ಕೆಲಸ. ಸರಿಯಾದ ಲೆಕ್ಕವನ್ನೇ ಕೇಳಬೇಕು. ತಪ್ಪಾದದ್ದನ್ನು ಹೇಗೂ ಕೇಳುತ್ತೇವೆ.

ಸ್ಟೋರ್‌ನಲ್ಲಿ ಒಳ್ಳೆಯ ರೇಟಿಂಗ್ ಇದ್ದರೆ ಸಾಕಲ್ವಾ?

ಸಾಲದು. ಆಪ್ ಸರಾಗವಾಗಿ ಓಡುತ್ತದೆ, ಮಗು ಇಷ್ಟಪಟ್ಟಿದೆ ಎಂಬುದಕ್ಕೆ ಆ ಸ್ಟಾರ್‌ಗಳು. ಮಗು ಏನು ಕಲಿತಿದೆ ಎಂದು ನೋಡಿ ಸ್ಟಾರ್ ಕೊಟ್ಟವರು ಕಡಿಮೆ. ‘ಶಿಕ್ಷಣ’ ಎಂಬ ವಿಭಾಗದಲ್ಲಿ ಹಾಕಿದ್ದಾರೆ ಎಂಬುದಂತೂ ಲೆಕ್ಕಕ್ಕೇ ಇಲ್ಲ, ಆ ವಿಭಾಗವನ್ನು ಆರಿಸುವವರು ಆಪ್ ಮಾಡಿದವರೇ.

ಎಲ್ಲ ಬಗೆಯ ಆಪ್‌ಗಳನ್ನೂ ಒಂದೇ ರೀತಿ ಅಳೆಯಬಹುದಾ?

ಬೇಡ. ಅಭ್ಯಾಸಕ್ಕೆ ಲೆಕ್ಕ ಕೊಡುವ ಆಪ್ ಬೇರೆ, ಪಾಠ ವಿವರಿಸುವ ಆಪ್ ಬೇರೆ, ಉಪಕರಣವಾಗಿ ಬಳಸುವ ಆಪ್ ಬೇರೆ. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರು ಮಾಡಿದ ಜಿಯೋಜೀಬ್ರಾ, ಗ್ರಾಫ್ ಎಳೆಯಲು ಬಳಸುವ ಡೆಸ್ಮೋಸ್ ಇವೆಲ್ಲ ಮೂರನೇ ಜಾತಿ. ಇವು ಸರಿ, ತಪ್ಪು ಹೇಳಬೇಕೆಂದೇನಿಲ್ಲ. ತ್ರಿಭುಜದ ಒಂದು ಶೃಂಗ ಹಿಡಿದು ಎಳೆದಾಗ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ‘ಯಾಕೆ ಹೀಗೆ?’ ಎಂದು ಕೇಳಬೇಕಾದವರು ನಾವು. ಅಂದರೆ ಉಪಕರಣವನ್ನು ಅಳೆಯುವಾಗ ಅದರ ಜೊತೆ ನಾವು ಕೊಡುವ ಪ್ರಶ್ನೆಯನ್ನೂ ಸೇರಿಸಿ ಅಳೆಯಬೇಕು. ಪ್ರಶ್ನೆಯಿಲ್ಲದೆ ಜಿಯೋಜೀಬ್ರಾ ಕೊಟ್ಟರೆ ಮಕ್ಕಳು ಬಣ್ಣ ಬದಲಾಯಿಸುತ್ತಾ ಕೂರುತ್ತಾರೆ.

ಆಟದ ರೂಪದಲ್ಲಿ ಇದ್ದರೆ ಮಕ್ಕಳಿಗೆ ಒಳ್ಳೆಯದಾ?

ಆಟದೊಳಗೆ ಗಣಿತ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಲೆಕ್ಕವನ್ನು ತೆಗೆದುಹಾಕಿದರೂ ಆಟ ಹಾಗೇ ನಡೆಯುತ್ತದಾ ಎಂದು ಯೋಚಿಸಿ. ಡ್ರ್ಯಾಗನ್ ಓಡುತ್ತಿದೆ, ನಡುವೆ 7 × 8 ಎಷ್ಟು ಎಂಬ ಪ್ರಶ್ನೆ, ಉತ್ತರಿಸಿದರೆ ಮತ್ತೆ ಓಟ. ಇಲ್ಲಿ ಲೆಕ್ಕ ದಾರಿಗೆ ಅಡ್ಡ ನಿಂತ ಗೇಟು. ಮಗುವಿಗೆ ಅದು ಬೇಗ ಕಳೆಯಬೇಕಾದ ಕಾಟ ಅಷ್ಟೇ. ಬದಲಿಗೆ, ಸಂಖ್ಯಾರೇಖೆಯ ಮೇಲೆ 3/4 ಇರುವ ಜಾಗಕ್ಕೆ ಗುರಿಯಿಟ್ಟು ಚೆಂಡು ಹಾಕಬೇಕು, 1/2ರ ಹತ್ತಿರ ಬಿದ್ದರೆ ಎಷ್ಟು ದೂರ ತಪ್ಪಿತು ಎಂದು ಕಾಣುತ್ತದೆ ಎಂದುಕೊಳ್ಳಿ. ಇಲ್ಲಿ ಗಣಿತ ಮಾಡುವುದೇ ಆಟ. ಎರಡನೆಯದು ಸಿಕ್ಕರೆ ಖಂಡಿತ ಬಳಸಿ.

ಬಹುಮಾನದ ಭರಾಟೆಯನ್ನೂ ಗಮನಿಸಿ. ಹತ್ತು ನಿಮಿಷದ ಆಟದಲ್ಲಿ ಲೆಕ್ಕಕ್ಕೆ ಹೋದ ಹೊತ್ತೆಷ್ಟು, ನಾಣ್ಯ ಎಣಿಸಿ ಟೋಪಿ ಕೊಳ್ಳಲು ಹೋದ ಹೊತ್ತೆಷ್ಟು? ಗಡಿಯಾರ ಹಿಡಿದು ನೋಡಿದರೆ ತಟ್ಟನೆ ಗೊತ್ತಾಗುತ್ತದೆ.

ಟೈಮರ್ ಇರುವ ಆಪ್ ಬೇಡವೇ?

ಆಫ್ ಮಾಡಲು ಬಂದರೆ ಪರವಾಗಿಲ್ಲ. ಮಗ್ಗಿಯ ಅರ್ಥ ಗೊತ್ತಿದ್ದು, ಬಾಯಿಗೆ ಬೇಗ ಬರಲಿ ಎಂದು ಮಾಡುವ ಅಭ್ಯಾಸಕ್ಕೆ ಸ್ವಲ್ಪ ಹೊತ್ತು ಗಡಿಯಾರ ಇಟ್ಟರೆ ಕೆಲವು ಮಕ್ಕಳು ಖುಷಿಪಡುತ್ತಾರೆ. ಹೊಸದನ್ನು ಕಲಿಯುವಾಗ ಮಾತ್ರ ಅದು ಬೇಡವೇ ಬೇಡ. ಗಡಿಯಾರ ಓಡುತ್ತಿದ್ದರೆ ಮಗು ಯೋಚಿಸುವುದನ್ನು ಬಿಟ್ಟು ಊಹಿಸಲು ಶುರು ಮಾಡುತ್ತದೆ. ಗಣಿತಕ್ಕೇ ಹೆದರುವ ಮಗುವಿಗಂತೂ ಇನ್ನೂ ಕಷ್ಟ.

ಚಿತ್ರಗಳು ಚೆನ್ನಾಗಿವೆ. ಅದಕ್ಕೆ ಎಷ್ಟು ಬೆಲೆ ಕೊಡಬೇಕು?

ಚಿತ್ರ ಅಲಂಕಾರಕ್ಕಿದೆಯಾ, ಗಣಿತವನ್ನು ಹೊತ್ತಿದೆಯಾ ನೋಡಿ. ಮೂಲೆಯಲ್ಲಿ ಕುಣಿಯುವ ಕರಡಿಯಿಂದ ಭಿನ್ನರಾಶಿ ಅರ್ಥವಾಗುವುದಿಲ್ಲ. ಒಂದು ಪಟ್ಟಿಯನ್ನು ಮಗು ಐದು ಭಾಗ ಮಾಡಿ ಎರಡಕ್ಕೆ ಬಣ್ಣ ಹಚ್ಚಿದಾಗ, ಪಕ್ಕದಲ್ಲೇ 2/5 ಎಂಬ ಬರಹ ಬದಲಾಗುತ್ತಾ ಹೋದರೆ ಅದು ಉಪಯೋಗಕ್ಕೆ ಬರುವ ಚಿತ್ರ. ಕೈಯಿಂದ ಮಾಡಿ, ಚಿತ್ರದಲ್ಲಿ ಕಂಡು, ಆಮೇಲೆ ಚಿಹ್ನೆಗೆ ಬರುವ ದಾರಿಯನ್ನು ಮನಃಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲೇ ವಿವರಿಸಿದ್ದರು. ಆಪ್ ಈ ಮೂರರ ನಡುವೆ ಹೋಗಿ ಬರಲು ಬಿಡಬೇಕು.

ಭಿನ್ನರಾಶಿಗೆ ಬರೀ ವೃತ್ತವನ್ನೇ ತೋರಿಸುವ ಆಪ್‌ಗಳು ಬಹಳ. ವೃತ್ತದಲ್ಲಿ 5/4 ತೋರಿಸುವುದು ಕಷ್ಟ, ಭಿನ್ನರಾಶಿಯೂ ಒಂದು ಸಂಖ್ಯೆ ಎಂಬುದು ಅಲ್ಲಿ ಹೊಳೆಯುವುದೂ ಕಷ್ಟ. ಸಂಖ್ಯಾರೇಖೆ ಇದೆಯಾ ಎಂದು ಹುಡುಕಿ. ತ್ರಿಭುಜಗಳೆಲ್ಲ ತಳ ಕೆಳಗಿಟ್ಟುಕೊಂಡೇ ನಿಂತಿವೆಯಾ, ಓರೆಯಾಗಿರುವವೂ ಇವೆಯಾ? ಓರೆಯಾಗಿಟ್ಟ ಚೌಕವನ್ನು ‘ಇದು ಚೌಕ ಅಲ್ಲ’ ಎನ್ನುವ ಮಕ್ಕಳು ನಮ್ಮೆಲ್ಲರ ತರಗತಿಯಲ್ಲೂ ಇದ್ದಾರೆ.

ಆಪ್‌ನಲ್ಲಿರುವ ಗಣಿತವೇ ತಪ್ಪಾಗಿರಬಹುದಾ?

ಇರಬಹುದು, ಅದಕ್ಕೆ ನೋಡಲೇಬೇಕು. ಚೌಕವನ್ನು ಆಯತ ಎಂದು ಒಪ್ಪುತ್ತದಾ? 1 ಅನ್ನು ಅವಿಭಾಜ್ಯ ಸಂಖ್ಯೆಗಳ ಪಟ್ಟಿಗೆ ಸೇರಿಸಿದೆಯಾ? ‘ಗುಣಿಸಿದರೆ ಸಂಖ್ಯೆ ದೊಡ್ಡದಾಗುತ್ತದೆ’ ಎಂದು ಕಲಿಸುತ್ತಿದೆಯಾ? 0.3 × 0.2 = 0.06 ಬಂದ ದಿನ ಆ ನಿಯಮ ಮಗುವಿಗೆ ಕೈಕೊಡುತ್ತದೆ.

ಇನ್ನೊಂದು ಸೂಕ್ಷ್ಮ. ಉತ್ತರ 1/2 ಇರುವ ಕಡೆ 2/4 ಕೊಡಿ, 0.5 ಕೊಡಿ. ‘ತಪ್ಪು’ ಎಂದರೆ ಅದು ಸುಳ್ಳು ಹೇಳಿದಂತೆ. ‘ಬೆಲೆ ಸರಿಯಾಗಿದೆ, ಸಂಕ್ಷಿಪ್ತ ರೂಪದಲ್ಲಿ ಬರೆ’ ಎಂದರೆ ಸರಿ. ಮೇಲೆ ಹೇಳಿದ ಬೆನ್ನಿ ದಾರಿ ತಪ್ಪಿದ್ದಕ್ಕೆ ಇಂಥ ತಾಳೆ ನೋಡುವಿಕೆಯೂ ಒಂದು ಕಾರಣ.

‘ಮಗುವಿನ ಮಟ್ಟಕ್ಕೆ ತಕ್ಕಂತೆ ಬದಲಾಗುವ ಆಪ್’ ಎನ್ನುತ್ತಾರೆ. ನಿಜವೋ ಸುಳ್ಳೋ ಹೇಗೆ ತಿಳಿಯುವುದು?

ಎರಡು ಖಾತೆ ತೆರೆಯಿರಿ. ಒಂದರಲ್ಲಿ ಎಲ್ಲ ಸರಿ ಉತ್ತರ ಕೊಡಿ. ಇನ್ನೊಂದರಲ್ಲಿ ಒಂದೇ ಜಾತಿಯ ತಪ್ಪನ್ನು ಬಿಡದೆ ಮಾಡಿ, ಉಳಿದದ್ದೆಲ್ಲ ಸರಿ ಕೊಡಿ. ಉದಾಹರಣೆಗೆ ಭಿನ್ನರಾಶಿ ಕೂಡುವಾಗ ಪ್ರತಿ ಸಲ ಛೇದಗಳನ್ನೂ ಕೂಡಿ. ಹತ್ತು ಹದಿನೈದು ಲೆಕ್ಕ ಆದ ಮೇಲೆ ಎರಡೂ ಖಾತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಎರಡನೇ ಖಾತೆಗೆ ಬರೀ ಚಿಕ್ಕ ಸಂಖ್ಯೆಗಳು ಬರುತ್ತಿದ್ದರೆ ಆಪ್ ಕಷ್ಟವನ್ನು ಏರಿಸಿ ಇಳಿಸುತ್ತಿದೆ, ಅಷ್ಟೇ. ಅದು ಹಿಂದಕ್ಕೆ ಹೋಗಿ ಸಮಾನ ಭಿನ್ನರಾಶಿಗಳನ್ನು ಕೊಡುತ್ತಿದ್ದರೆ ತಪ್ಪಿನ ಬೇರು ಹುಡುಕುತ್ತಿದೆ ಎನ್ನಬಹುದು. ಎರಡರ ನಡುವೆ ಅಜಗಜಾಂತರ.

ಮಟ್ಟಕ್ಕೆ ತಕ್ಕಂತೆ ಕಲಿಸುವುದರಿಂದ ಲಾಭ ಇದೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂಡ್ರೊ ಗಾನಿಮಿಯನ್ ದೆಹಲಿಯ ಸಂಜೆ ಕಲಿಕಾ ಕೇಂದ್ರಗಳಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶದ ಮೇಲೆ ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ತಮ್ಮ ತರಗತಿಯ ಮಟ್ಟಕ್ಕಿಂತ ಎಷ್ಟೋ ಹಿಂದೆ ಉಳಿದಿದ್ದ ಮಕ್ಕಳಿಗೆ ಅವರಿದ್ದ ಜಾಗದಿಂದಲೇ ಪಾಠ ಶುರು ಮಾಡಿದ್ದರಿಂದ ಗಣಿತದಲ್ಲಿ ದೊಡ್ಡ ಪ್ರಗತಿ ಕಂಡಿತು. ಆದರೆ ಅಲ್ಲಿ ಅರ್ಧ ಹೊತ್ತು ಕಂಪ್ಯೂಟರ್ ಮುಂದೆ, ಇನ್ನರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಬೋಧಕರ ಜೊತೆ. ಮಾರಾಟದ ಕಾಗದಗಳಲ್ಲಿ ಇಂಥ ಅರ್ಧ ಭಾಗ ಬಿಟ್ಟುಹೋಗುತ್ತದೆ.

ಒಂದೇ ಬಗೆಯ ಲೆಕ್ಕ ಸಾಲಾಗಿ ಕೊಡುವ ಆಪ್ ಒಳ್ಳೆಯದಾ, ಬೆರೆಸಿ ಕೊಡುವುದಾ?

ಮೊದಲ ಪರಿಚಯಕ್ಕೆ ಒಂದೇ ಬಗೆ, ಆಮೇಲೆ ಬೆರೆಸಿದ್ದು. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯಲು ಕಲಿತರು. ಅಭ್ಯಾಸದ ಹೊತ್ತಿಗೆ ಒಂದೇ ಬಗೆ ಸಾಲಾಗಿ ಮಾಡಿದವರು ಶೇ. 89 ಸರಿ, ಬೆರೆಸಿ ಮಾಡಿದವರು ಶೇ. 60. ವಾರದ ನಂತರ ಪರೀಕ್ಷೆ ಕೊಟ್ಟಾಗ ಎಲ್ಲ ಉಲ್ಟಾ: ಸಾಲಾಗಿ ಮಾಡಿದವರು ಶೇ. 20, ಬೆರೆಸಿ ಮಾಡಿದವರು ಶೇ. 63.

ಆಪ್ ಅಳೆಯುವವರಿಗೆ ಇದರಲ್ಲಿ ಒಂದು ಎಚ್ಚರಿಕೆ ಇದೆ. ಇವತ್ತಿನ ಅಭ್ಯಾಸದಲ್ಲಿ ಅಂಕ ಜಾಸ್ತಿ ಬರುವಂತೆ ಮಾಡುವುದು ಆಪ್‌ಗೆ ಸುಲಭ, ಒಂದೇ ಬಗೆ ಕೊಡುತ್ತಾ ಹೋದರೆ ಸಾಕು. ಹೋದ ತಿಂಗಳ ಪಾಠದ ಲೆಕ್ಕ ಇವತ್ತು ಮತ್ತೆ ಬರುತ್ತದಾ ಎಂದು ನೋಡಿ.

ರಿಪೋರ್ಟ್‌ನಲ್ಲಿ ಏನು ಇರಬೇಕು?

ನಾಳೆ ತರಗತಿಯಲ್ಲಿ ನಾನು ಏನು ಮಾಡಲಿ ಎಂಬುದಕ್ಕೆ ಉತ್ತರ ಇರಬೇಕು. ‘32 ನಿಮಿಷ ಬಳಸಿದೆ, ಶೇ. 74 ಸರಿ’ ಎಂಬುದರಿಂದ ನನಗೇನೂ ಆಗುವುದಿಲ್ಲ. ‘ಈ ಆರು ಮಕ್ಕಳು ದಶಮಾಂಶ ಹೋಲಿಸುವಾಗ ಅಂಕಿಗಳ ಉದ್ದ ನೋಡುತ್ತಿದ್ದಾರೆ’ ಎಂದರೆ ಆ ಆರು ಮಕ್ಕಳನ್ನು ಒಟ್ಟಿಗೆ ಕೂರಿಸಬಹುದು. ಮಗು ಕೊಟ್ಟ ತಪ್ಪು ಉತ್ತರವೇ ಕಾಣುವಂತಿದ್ದರೆ ಇನ್ನೂ ಒಳ್ಳೆಯದು, ಉಳಿದದ್ದನ್ನು ನಾವು ಓದಿಕೊಳ್ಳುತ್ತೇವೆ. ಬಹುತೇಕ ರಿಪೋರ್ಟ್‌ಗಳು ಅದನ್ನೇ ಬಚ್ಚಿಡುತ್ತವೆ.

‘ಸಂಶೋಧನೆಯಿಂದ ಸಾಬೀತಾಗಿದೆ’ ಎಂದು ಬರೆದಿದ್ದರೆ ನಂಬಬಹುದಾ?

ಸಂಶೋಧನೆ ಯಾರು ಮಾಡಿದರು, ಯಾವ ಮಕ್ಕಳ ಮೇಲೆ, ಬಳಸದ ಮಕ್ಕಳ ಜೊತೆ ಹೋಲಿಸಿದರಾ ಎಂದು ಕೇಳಿ. ಬಳಸಿದ ಮಕ್ಕಳ ಅಂಕ ಮೂರು ತಿಂಗಳಲ್ಲಿ ಏರಿತು ಎಂಬುದು ಆಧಾರವಲ್ಲ. ಮೂರು ತಿಂಗಳು ಶಾಲೆಗೆ ಬಂದ ಎಲ್ಲ ಮಕ್ಕಳ ಅಂಕವೂ ಏರುತ್ತದೆ. ಪರೀಕ್ಷೆಯನ್ನು ಆಪ್‌ನೊಳಗೇ ಮಾಡಿದ್ದರೆ ಇನ್ನೂ ಅನುಮಾನ ಪಡಿ.

ಅಮೆರಿಕದ ಶಿಕ್ಷಣ ಇಲಾಖೆ 2007ರಲ್ಲಿ ಒಂದು ದೊಡ್ಡ ಅಧ್ಯಯನದ ಮೊದಲ ವರದಿ ಪ್ರಕಟಿಸಿತು. ಓದು ಮತ್ತು ಗಣಿತ ಕಲಿಸುವ ಹಲವು ತಂತ್ರಾಂಶಗಳನ್ನು ಬಳಸಿದ ತರಗತಿಗಳಿಗೂ ಬಳಸದ ತರಗತಿಗಳಿಗೂ ಪರೀಕ್ಷೆಯ ಅಂಕಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೇಲೆ ಹೇಳಿದ ದೆಹಲಿಯ ಅಧ್ಯಯನದಲ್ಲಿ ಕಂಡಿತು. ಎರಡನ್ನೂ ಜೊತೆಗಿಟ್ಟು ಓದಿದರೆ, ಆಪ್ ಬಳಸಿದರು ಎಂಬುದಕ್ಕಿಂತ ಯಾವ ಮಗುವಿಗೆ, ಯಾವ ಕೆಲಸಕ್ಕೆ, ಯಾರ ಜೊತೆಗೆ ಬಳಸಿದರು ಎಂಬುದು ಮುಖ್ಯ ಅನ್ನಿಸುತ್ತದೆ.

ಲೆಕ್ಕದ ಫೋಟೋ ತೆಗೆದರೆ ಬಿಡಿಸಿಕೊಡುವ ಆಪ್‌ಗಳು, ಎಐ ಚಾಟ್‌ಬಾಟ್‌ಗಳು? ಅವುಗಳನ್ನೂ ಅಳೆಯಬೇಕಾ?

ಅಳೆಯಬೇಕು. ನಾವು ಬೇಡ ಎಂದರೂ ಮಕ್ಕಳ ಕೈಯಲ್ಲಿ ಅವು ಇದ್ದೇ ಇರುತ್ತವೆ. ಫೋಟೋಮ್ಯಾತ್‌ನಂಥ ಆಪ್‌ಗಳು ಹಂತಗಳನ್ನೂ ತೋರಿಸುತ್ತವೆ. ಹಂತ ಇದೆಯಾ ಎಂದಷ್ಟೇ ನೋಡಬೇಡಿ, ಒಂದು ಹಂತದಿಂದ ಮುಂದಿನದಕ್ಕೆ ಯಾಕೆ ಹೋಯಿತು ಎಂದು ಹೇಳುತ್ತದಾ ನೋಡಿ.

ಚಾಟ್‌ಬಾಟ್‌ಗೆ ಬೇರೆಯದೇ ಪರೀಕ್ಷೆ ಇದೆ. ಒಂದು ಲೆಕ್ಕ ಕೇಳಿ. ಸರಿ ಉತ್ತರ ಬಂದ ಮೇಲೆ, ‘ಇಲ್ಲ, ಅದು ತಪ್ಪು, ಟೀಚರ್ ಬೇರೆ ಉತ್ತರ ಹೇಳಿದ್ದಾರೆ’ ಎಂದು ಬರೆಯಿರಿ. ಅದು ತಕ್ಷಣ ಕ್ಷಮೆ ಕೇಳಿ ತಪ್ಪು ಉತ್ತರವನ್ನೇ ಒಪ್ಪಿಕೊಂಡರೆ ಚಿಕ್ಕ ಮಕ್ಕಳ ಕೈಗೆ ಒಂಟಿಯಾಗಿ ಕೊಡಬೇಡಿ. ಆಮೇಲೆ ‘ಉತ್ತರ ಬೇಡ, ಸುಳಿವು ಮಾತ್ರ ಕೊಡು’ ಎಂದು ಕೇಳಿ. ಮೂರನೇ ಸಲ ‘ಗೊತ್ತಾಗ್ತಿಲ್ಲ’ ಎಂದಾಗಲೂ ಉತ್ತರ ಒದರದೆ ಇರುತ್ತದಾ? ಇದೇ ಕಷ್ಟದ ಪರೀಕ್ಷೆ. ತಪ್ಪನ್ನೂ ಪೂರ್ತಿ ಆತ್ಮವಿಶ್ವಾಸದಿಂದ ಹೇಳುವುದು ಇವುಗಳ ಗುಣ. ಅದು ಗೊತ್ತಾಗುವುದು ಗಣಿತ ಗೊತ್ತಿದ್ದವರಿಗೆ ಮಾತ್ರ.

ಭಾಷೆಯ ವಿಷಯದಲ್ಲಿ ಏನು ಗಮನಿಸಬೇಕು?

ಮಗು ತರಗತಿಯಲ್ಲಿ ಕೇಳುವ ಪದಗಳೇ ಆಪ್‌ನಲ್ಲೂ ಇರಬೇಕು. ನೀವು ಕೂಡುವುದು ಎಂದು ಕಲಿಸಿ ಆಪ್ ಸಂಕಲನ ಎಂದರೆ ಚಿಕ್ಕ ಮಗು ಲೆಕ್ಕದಲ್ಲಿ ಅಲ್ಲ, ಪದದಲ್ಲಿ ಎಡವುತ್ತದೆ. ಓದಲು ಕಷ್ಟಪಡುವ ಮಗುವಿಗೆ ಪ್ರಶ್ನೆಯನ್ನು ಓದಿ ಹೇಳುವ ಬಟನ್ ಇದೆಯಾ? ಅಂಕಿ ಬರೆಯುವ ರೀತಿಯನ್ನೂ ನೋಡಿ. ಒಂದು ಲಕ್ಷವನ್ನು ಒಂದು ಕಡೆ 1,00,000 ಎಂದು, ಇನ್ನೊಂದು ಕಡೆ 100,000 ಎಂದು ಬರೆಯುತ್ತಾರೆ. ಯುರೋಪಿನ ಹಲವು ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ.

ಇದರ ಜೊತೆಗೇ ಇನ್ನೊಂದು: ಸರಿ ತಪ್ಪನ್ನು ಬರೀ ಹಸಿರು ಕೆಂಪು ಬಣ್ಣದಿಂದ ತೋರಿಸಿದರೆ ಬಣ್ಣಗುರುಡು ಇರುವ ಮಗುವಿಗೆ ಕಾಣುವುದಿಲ್ಲ. ಟಿಕ್ ಗುರುತು ಅಥವಾ ಪದ ಜೊತೆಗಿರಲಿ.

ಮಕ್ಕಳ ಮಾಹಿತಿ, ಜಾಹೀರಾತು ಇವುಗಳ ಬಗ್ಗೆ?

ಲೆಕ್ಕ ಕಲಿಸುವ ಆಪ್‌ಗೆ ಮಗುವಿನ ಲೊಕೇಶನ್, ಕಾಂಟ್ಯಾಕ್ಟ್ಸ್, ಮೈಕ್ ಯಾಕೆ ಬೇಕು? ಪರ್ಮಿಷನ್ ಕೇಳುವಾಗ ಒಂದೊಂದನ್ನೂ ಬೇಡ ಎನ್ನಿ. ಆಮೇಲೂ ಆಪ್ ನಡೆದರೆ ಅದು ಬೇಕಿರಲಿಲ್ಲ ಎಂದಾಯಿತು.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ 1998ರ ಕಾನೂನು 13 ವರ್ಷದೊಳಗಿನ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಯುರೋಪಿನ ಮಾಹಿತಿ ರಕ್ಷಣೆಯ ಕಾನೂನಾದ ಜಿಡಿಪಿಆರ್‌ನಲ್ಲಿ ಆ ವಯಸ್ಸು 16, ಸದಸ್ಯ ದೇಶಗಳು ಅದನ್ನು 13ರವರೆಗೆ ಇಳಿಸಬಹುದು. ಭಾರತದ 2023ರ ಕಾನೂನಿನಲ್ಲಿ 18 ತುಂಬದವರೆಲ್ಲ ಮಕ್ಕಳು. ನೀವಿರುವ ಕಡೆ ಯಾವುದು ಅನ್ವಯಿಸುತ್ತದೆ ಎಂದು ಶಾಲೆಯ ಮೂಲಕ ಖಚಿತ ಮಾಡಿಕೊಳ್ಳಿ. ಪರೀಕ್ಷೆ ಮಾಡುವಾಗ ಮಕ್ಕಳ ನಿಜವಾದ ಹೆಸರು ಹಾಕಬೇಡಿ, ‘ವಿದ್ಯಾರ್ಥಿ 1’ ಎಂದಿದ್ದರೆ ಸಾಕು.

ಲೆಕ್ಕದ ನಡುವೆ ಜಾಹೀರಾತು ಬಂದರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಮಕ್ಕಳ ಕೈಗೆ ಕೊಟ್ಟು ನೋಡುವುದು ಹೇಗೆ?

ಒಬ್ಬರನ್ನೇ ಕೂರಿಸಬೇಡಿ, ಇಬ್ಬರನ್ನು ಒಂದು ಸಾಧನದ ಮುಂದೆ ಕೂರಿಸಿ. ಇಬ್ಬರಿದ್ದರೆ ಮಾತಾಡುತ್ತಾರೆ. ನೀವು ಹಿಂದೆ ಕೂತು ಕಿವಿಗೊಡಿ, ಬಾಯಿ ಹಾಕಬೇಡಿ. ‘ಅದನ್ನ ಒತ್ತು, ಇದನ್ನ ಒತ್ತು’ ಎಂಬ ಮಾತೇ ಜಾಸ್ತಿ ಇದ್ದರೆ ಊಹೆ ನಡೆಯುತ್ತಿದೆ. ‘ತಡಿ, ಇದು ಅರ್ಧಕ್ಕಿಂತ ದೊಡ್ಡದಲ್ವಾ?’ ಎಂಬ ಮಾತು ಬಂದರೆ ಗಣಿತ ನಡೆಯುತ್ತಿದೆ. ಸುಳಿವಿನ ಬಟನ್ ಮೇಲೆ ಬೆರಳು ಎಷ್ಟು ಸಲ ಹೋಗುತ್ತದೆ ಎಂದೂ ನೋಡಿ. ಸುಳಿವು ಒತ್ತುತ್ತಾ ಹೋದರೆ ಕೊನೆಗೆ ಉತ್ತರವೇ ಸಿಗುತ್ತದೆ ಎಂಬುದನ್ನು ಮಕ್ಕಳು ನಮಗಿಂತ ಬೇಗ ಪತ್ತೆ ಮಾಡುತ್ತಾರೆ.

ಹತ್ತು ಹದಿನೈದು ನಿಮಿಷ ಆದ ಮೇಲೆ ಸಾಧನ ಪಕ್ಕಕ್ಕಿಡಿ. ಅದೇ ವಿಷಯದ ಎರಡು ಲೆಕ್ಕ ಕಾಗದದಲ್ಲಿ ಕೊಡಿ. ಪರದೆಯ ಮೇಲೆ ಬಂದದ್ದು ಕಾಗದದಲ್ಲಿ ಬರದಿದ್ದರೆ, ಮಗು ಕಲಿತದ್ದು ಆಪ್ ಅನ್ನು.

ಅಂಕ ಕೊಟ್ಟು ಪಟ್ಟಿ ಮಾಡಿ ಹೋಲಿಸಬಹುದಾ?

ಮಾಡಬಹುದು, ಆದರೆ ಒಟ್ಟು ಅಂಕವನ್ನು ನೆಚ್ಚಿಕೊಳ್ಳಬೇಡಿ. ಬಣ್ಣಕ್ಕೆ ಐದು, ಧ್ವನಿಗೆ ಐದು, ವಿನ್ಯಾಸಕ್ಕೆ ಐದು ಸಿಕ್ಕಿದ ಆಪ್, ತಪ್ಪು ಉತ್ತರಕ್ಕೆ ಏನೂ ಸಹಾಯ ಮಾಡದಿದ್ದರೂ ಮೇಲೆ ಬಂದು ಕೂರುತ್ತದೆ. ನನ್ನ ಕ್ರಮ ಹೀಗೆ: ಗಣಿತ ತಪ್ಪಿದ್ದರೆ ಬೇಡ, ಮಕ್ಕಳ ಮಾಹಿತಿ ಸುರಕ್ಷಿತವಲ್ಲದಿದ್ದರೆ ಬೇಡ, ತಪ್ಪು ಉತ್ತರವನ್ನು ಓದದಿದ್ದರೆ ಹೊಸ ಪಾಠಕ್ಕೆ ಬೇಡ, ಬಂದದ್ದನ್ನು ರೂಢಿ ಮಾಡಿಕೊಳ್ಳಲು ಮಾತ್ರ ಇರಲಿ. ಈ ಮೂರನ್ನು ದಾಟಿದವುಗಳ ನಡುವೆ ಮಾತ್ರ ಹೋಲಿಕೆ.

ಎಷ್ಟು ಹೊತ್ತು ಬಳಸಬೇಕು?

ಇಂತಿಷ್ಟೇ ನಿಮಿಷ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಆ ದಿನದ ಕೆಲಸ ಮುಗಿದಾಗ ಮುಗಿಸಲು ಆಪ್ ಬಿಡುತ್ತದಾ ಎಂಬುದು ಮುಖ್ಯ. ‘ನಿನ್ನ ಸರಣಿ ಮುರಿಯುತ್ತದೆ’ ಎಂದು ಸಂಜೆ ನೋಟಿಫಿಕೇಶನ್ ಕಳಿಸಿ ಮಗುವನ್ನು ಮತ್ತೆ ಎಳೆಯುವ ಆಪ್‌ಗಳ ಮೇಲೆ ನನಗೆ ಒಲವಿಲ್ಲ.

ಬಳಸುತ್ತಿರುವ ಆಪ್‌ನಲ್ಲಿ ತಪ್ಪು ಕಂಡರೆ ಏನು ಮಾಡುವುದು?

ಬರೆದು ಕಳಿಸಿ. ‘ನಿಮ್ಮ ಆಪ್ ಸರಿಯಿಲ್ಲ’ ಎಂದು ಬರೆದರೆ ಅವರಿಗೂ ಏನೂ ಮಾಡಲಾಗುವುದಿಲ್ಲ. ಪ್ರಶ್ನೆ ಯಾವುದು, ಮಗು ಏನು ಒತ್ತಿತು, ಪರದೆಯಲ್ಲಿ ಏನು ಬಂತು, ಬದಲಿಗೆ ಏನು ಬರಬೇಕಿತ್ತು ಎಂದು ನಾಲ್ಕು ಸಾಲು ಬರೆದು ಸ್ಕ್ರೀನ್‌ಶಾಟ್ ಸೇರಿಸಿ. ಆಪ್‌ನ ಯಾವ ಆವೃತ್ತಿ ಎಂದೂ ಹಾಕಿ. ಅಪ್‌ಡೇಟ್ ಬಂದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ತೆರೆದು ನೋಡಿ. ಸರಿಯಾಗುವ ತನಕ ಆ ಅಧ್ಯಾಯವನ್ನು ಮಕ್ಕಳಿಗೆ ಕೊಡಬೇಡಿ, ಅದೇ ಆಪ್ ಬಳಸುವ ಪಕ್ಕದ ತರಗತಿಯ ಶಿಕ್ಷಕರಿಗೂ ತಿಳಿಸಿ.